ಮುಚ್ಚಿಟ್ಟಷ್ಟೂ ಹಿಗ್ಗುವ ಲೋಕ

ಅಕ್ಕನ ಮಗನಿಗೆ ಹೊಸ ಗೇಮು ಸಿಕ್ಕಿದಾಗಲೆಲ್ಲ ಮೊದಲ ಮಾತು ಒಂದೇ: "ಮಾವ, ಇದರ ಮ್ಯಾಪು ಹಳೇದಕ್ಕಿಂತ ಮೂರು ಪಟ್ಟು ದೊಡ್ಡದು!" ಸೈಟು ಮಾರುವ ಬ್ರೋಕರ್ ಕೂಡ ಅಳತೆಯನ್ನು ಇಷ್ಟು ಉತ್ಸಾಹದಿಂದ ಹೇಳುವುದಿಲ್ಲ. ಓಪನ್ ವರ್ಲ್ಡ್ ಗೇಮು, ಅಂದರೆ ಮನಬಂದತ್ತ ಸುತ್ತಾಡಬಹುದಾದ ಗೇಮು, ಆಡುವ ದೊಡ್ಡವರೂ ಇದಕ್ಕೆ ಹೊರತಲ್ಲ. ಚದರ ಕಿಲೋಮೀಟರ್ ಏರಿದಂತೆ ಸುತ್ತಾಟದ ಸುಖವೂ ಏರುತ್ತದೆ ಎಂಬ ನಂಬಿಕೆ ಇದು. 1996ರಲ್ಲೇ ಸತ್ತುಹೋಗಬೇಕಿತ್ತು.

ಆ ವರ್ಷ ಬೆಥೆಸ್ಡಾ ಎಂಬ ಗೇಮು ಕಂಪನಿಯ 'ಡ್ಯಾಗರ್‌ಫಾಲ್' ಬಂತು. ಅದರ ನೆಲವನ್ನು ಬಹುಮಟ್ಟಿಗೆ ಸೂತ್ರಗಳ ಮೂಲಕ ಕಂಪ್ಯೂಟರೇ ಹೆಣೆದಿತ್ತು. ಅದರ ವಿಸ್ತಾರವನ್ನು ಇವತ್ತಿಗೂ ಗ್ರೇಟ್ ಬ್ರಿಟನ್ನಿಗೆ ಹೋಲಿಸುತ್ತಾರೆ. ಊರು, ಗುಡಿ, ಗುಹೆ ಎಲ್ಲ ಸೇರಿ ಸುಮಾರು 15,000 ಜಾಗಗಳು. ಆದರೆ ಒಂದೂರಿಂದ ಇನ್ನೊಂದೂರಿಗೆ ನಡೆದು ಹೋಗುವ ಹುಚ್ಚು ಯಾರಿಗೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಮ್ಯಾಪಿನ ಮೇಲೆ ಒತ್ತಿದರೆ ಆಟವೇ ಅಲ್ಲಿಗೆ ತಲುಪಿಸುತ್ತಿತ್ತು, ನಡುವೆ ನೋಡುವಂಥದ್ದೇನೂ ಇರಲಿಲ್ಲ. ಅದೇ ಕಂಪನಿ 2002ರಲ್ಲಿ ತಂದ 'ಮೊರೋವಿಂಡ್'ನಲ್ಲಿ ಇದ್ದದ್ದು ಒಂದೇ ದ್ವೀಪ, ಕೈಯಾರೆ ಕಟ್ಟಿದ್ದು, ಸುಮಾರು 25 ಚದರ ಕಿಲೋಮೀಟರ್. ನಮ್ಮ ಒಂದು ಹೋಬಳಿಯಷ್ಟೂ ಇಲ್ಲ. ಆಡಿದವರು ಮಾತ್ರ ಅದನ್ನೊಂದು ಖಂಡದಂತೆ ನೆನೆಯುತ್ತಾರೆ.

ಕಾರಣ, ಮಂಜು. ಅಂದಿನ ಯಂತ್ರಗಳಿಗೆ ದೂರದ ದೃಶ್ಯ ಬಿಡಿಸುವ ತಾಕತ್ತಿರಲಿಲ್ಲ. ಹಾಗಾಗಿ ಸ್ವಲ್ಪ ಆಚೆಗಿನದೆಲ್ಲ ಮಬ್ಬು. ಗುರಿ ತೋರಿಸುವ ಬಾಣವೂ ಇಲ್ಲ. ಸೇತುವೆ ದಾಟು, ಕವಲು ಸಿಕ್ಕರೆ ಉತ್ತರಕ್ಕೆ ತಿರುಗು ಎಂಬ ಧಾಟಿಯಲ್ಲಿ ಊರವರು ಹೇಳಿದ್ದನ್ನು ನಂಬಿ ಹೊರಡಬೇಕು. ಆಮೇಲೆ ಅಭಿಮಾನಿಗಳೇ ಆಟವನ್ನು ತಿದ್ದುವ ಮಾಡ್‌ಗಳನ್ನು ಬರೆದು ಆ ಮಂಜನ್ನು ತೆಗೆದರು, ಗುಟ್ಟು ರಟ್ಟಾಯಿತು. ದೂರದ ಪ್ರಯಾಣ ಅಂದುಕೊಂಡಿದ್ದ ಊರು ಕೂಗಳತೆಯಲ್ಲಿ ನಿಂತಿತ್ತು!

ಮಂಜು ಬಡತನದ ಉಪಾಯ. ಅದೇ ಮರೆಮಾಚುವಿಕೆಯನ್ನು ಬಟಾಬಯಲಿನ ಬೆಳಕಿನಲ್ಲಿ ಮಾಡಿ ತೋರಿಸಿದ್ದು 2017ರಲ್ಲಿ ಬಂದ ನಿಂಟೆಂಡೊ ಕಂಪನಿಯ 'ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್'. ಅದೇ ವರ್ಷ ಜಪಾನಿನ ಸೆಡೆಕ್ ಎಂಬ ಗೇಮು ತಯಾರಕರ ಸಮಾವೇಶದಲ್ಲಿ ನಿಂಟೆಂಡೊದವರು ತಮ್ಮ ಗುಟ್ಟನ್ನು ಬಿಚ್ಚಿಟ್ಟರು. ಅದು ತ್ರಿಕೋನ. ದೊಡ್ಡ ತ್ರಿಕೋನ ಅಂದರೆ ಬೆಟ್ಟ, ಎಲ್ಲಿಂದಲೂ ಕಾಣುವ ಗುರುತು. ನಡುವಿನದು ಗುಡ್ಡ, ಕಣ್ಣಿಗೆ ಅಡ್ಡ ನಿಲ್ಲುವಂಥದ್ದು. ಚಿಕ್ಕದು ಬಂಡೆ, ನಡಿಗೆಯ ಲಯ ಮುರಿಯಲಿಕ್ಕೆ.

ತ್ರಿಕೋನವೇ ಏಕೆ? ಪೆಟ್ಟಿಗೆಯಾಕಾರ ಯಾಕಾಗಬಾರದು? ನನಗೆ ಹುಚ್ಚು ಹಿಡಿಸಿದ್ದು ಇದೇ ಪ್ರಶ್ನೆ. ಲೆಕ್ಕ ಹಾಕಿ ನೋಡಿ. ನಿಮ್ಮ ಮುಂದೆ 100 ಮೀಟರ್ ದೂರದಲ್ಲಿ 30 ಮೀಟರ್ ಎತ್ತರದ, ಬುಡದಲ್ಲಿ 120 ಮೀಟರ್ ಅಗಲದ ಗುಡ್ಡ. ಅದರ ನೇರ ಹಿಂದೆ, ನಿಮ್ಮಿಂದ 500 ಮೀಟರ್ ದೂರದಲ್ಲಿ 140 ಮೀಟರ್ ಎತ್ತರದ ಗೋಪುರ. ಕಣ್ಣು ನೆಲದಿಂದ 1.6 ಮೀಟರ್ ಮೇಲಿದ್ದರೆ ಗುಡ್ಡದ ತುದಿ ಆ ದೂರದಲ್ಲಿ ಸುಮಾರು 144 ಮೀಟರ್ ಎತ್ತರದವರೆಗೆ ಎಲ್ಲವನ್ನೂ ನುಂಗುತ್ತದೆ. ಅಷ್ಟು ದೊಡ್ಡ ಗೋಪುರ, ಕಲಶ ಕೂಡ ಕಾಣದು! ಈಗ ಸುಮ್ಮನೆ 30 ಮೀಟರ್ ಪಕ್ಕಕ್ಕೆ ಸರಿಯಿರಿ. ದೃಷ್ಟಿರೇಖೆ ಗುಡ್ಡದ ಇಳಿಜಾರಿನ ಮೇಲೆ, 18 ಮೀಟರ್ ಎತ್ತರವಿರುವಲ್ಲಿ ಹಾಯುತ್ತದೆ. ಮುಚ್ಚುವ ಎತ್ತರ ಸುಮಾರು 84 ಮೀಟರಿಗೆ ಕುಸಿಯುತ್ತದೆ. ಗೋಪುರದ ಮೇಲಿನ 56 ಮೀಟರ್ ಇಣುಕುತ್ತದೆ. ಇನ್ನೂ ಸರಿದರೆ ಇನ್ನೂ ಸ್ವಲ್ಪ. ಗುಡ್ಡದ ಬದಲು ಅಷ್ಟೇ ಅಗಲದ ಪೆಟ್ಟಿಗೆ ನಿಂತಿದ್ದರೆ? 75 ಮೀಟರ್ ಸರಿಯುವ ತನಕ ಏನೂ ಇಲ್ಲ, ಆಮೇಲೆ ಒಮ್ಮೆಲೇ ಬುಡದಿಂದ ತುದಿಯವರೆಗೆ ಎಲ್ಲ.

ಯಕ್ಷಗಾನದ ತೆರೆ ಒಡ್ಡೋಲಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಹಿಡಿದ ಪರದೆಯ ಮೇಲೆ ಮೊದಲು ಕಿರೀಟದ ತುದಿ, ಚೆಂಡೆ ಏರಿದಂತೆ ಮುಖದ ಬಣ್ಣ, ಕೊನೆಗೆ ಇಡೀ ವೇಷ. ಪೆಟ್ಟಿಗೆಯದು ಲೈಟ್ ಸ್ವಿಚ್ ಒತ್ತಿದ ಹಾಗೆ, ತ್ರಿಕೋನದ್ದು ಬೆಳಗಾದ ಹಾಗೆ. ಇನ್ನೂ ಸರಳವಾಗಿ ಬೇಕೇ? ಜಾತ್ರೆಗೆ ಹೋಗುವಾಗ ಮನೆಗಳ ಸೂರಿನ ಮೇಲೆ ರಥದ ತುದಿಯ ಬಾವುಟ ಕಂಡರೆ ಮಕ್ಕಳು ಕೈ ಬಿಡಿಸಿಕೊಂಡು ಓಡುತ್ತಾರಲ್ಲ, ಅದೇ. ಪೆಟ್ಟಿಗೆಗೂ ಕೆಲಸ ಉಂಟು, ಬೆಚ್ಚಿ ಬೀಳಿಸಬೇಕಾದ ಕಡೆ ನಿಂಟೆಂಡೊದವರೂ ಅದನ್ನು ಬಳಸಿದ್ದಾರೆ. ತ್ರಿಕೋನಕ್ಕೆ ಇನ್ನೊಂದು ಲಾಭವೂ ಇದೆ: ಹತ್ತಿ ಹೋಗುವುದೋ ಬಳಸಿ ಹೋಗುವುದೋ ಎಂಬ ತೀರ್ಮಾನವನ್ನು ಅದು ಆಡುವವನಿಗೇ ಬಿಡುತ್ತದೆ. ಬಳಸಿ ಹೋದವನಿಗೆ ದಾರಿಯಲ್ಲಿ ಬೇರೇನೋ ಸಿಗುತ್ತದೆ, ಹತ್ತಿದವನಿಗೆ ಮೇಲಿಂದ ಇನ್ನೂ ನಾಲ್ಕು ಕಾಣುತ್ತವೆ.

ಇದನ್ನು ನಿಂಟೆಂಡೊ ಕಂಡುಹಿಡಿಯಿತು ಅಂದರೆ ಕ್ಯೋಟೋದ ತೋಟಗಾರರು ನಕ್ಕಾರು. ಅಲ್ಲಿನ ತೋಟಗಾರಿಕೆಯಲ್ಲಿ 'ಮಿಯೆಗಾಕುರೆ' ಎಂಬ ಮಾತಿದೆ, ಕಂಡೂ ಕಾಣದಂತಿರುವುದು ಎಂದರ್ಥ. 17ನೇ ಶತಮಾನದ ಕತ್ಸುರಾ ಅರಮನೆಯ ತೋಟದಲ್ಲಿ ಕೊಳದತ್ತ ಚಾಚಿದ ದಾರಿಯ ತುದಿಗೆ ಒಂದು ಪೈನ್ ಮರ ನಿಲ್ಲಿಸಿದ್ದಾರೆ. ಅದರ ಕೆಲಸವೇ ಕೊಳಕ್ಕೆ ಅಡ್ಡ ನಿಲ್ಲುವುದು. ಇಡೀ ನೀರು ಒಂದೇ ನೋಟಕ್ಕೆ ಸಿಕ್ಕಿಬಿಟ್ಟರೆ ಯಾರು ತಾನೆ ತೋಟ ಸುತ್ತುತ್ತಾರೆ? ನಿಂಟೆಂಡೊ ಹುಟ್ಟಿದ್ದೂ ಕ್ಯೋಟೋದಲ್ಲೇ, 1889ರಲ್ಲಿ, ಹನಾಫುದಾ ಎಂಬ ಇಸ್ಪೀಟು ಮಾಡುವ ಅಂಗಡಿಯಾಗಿ. ಈ ಆಟದ ನಿರ್ದೇಶಕ ಹಿದೆಮಾರೊ ಫುಜಿಬಾಯಾಶಿ ತಮ್ಮ ಲೋಕದ ದೂರಗಳನ್ನು ಅಂದಾಜು ಮಾಡಲು ಕ್ಯೋಟೋದ ನಕ್ಷೆಯನ್ನೇ ಅದರ ಮೇಲೆ ಹಾಸಿ ನೋಡಿದ್ದರು. ಪರಿಚಯದ ಬೀದಿಗಳಲ್ಲಿ ಕಾಲಿಗೆ ಎಷ್ಟು ದೂರ ಅನಿಸುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತಲ್ಲ. ತೋಟದಿಂದಲೇ ತ್ರಿಕೋನ ಬಂತು ಎಂದು ಹೇಳಲಾರೆ. ಆದರೆ ನನ್ನ ಗುಮಾನಿ ಹೋಗಿಲ್ಲ.

ಮರೆ ಮಾಡಿದರಷ್ಟೇ ಸಾಲದು, ಸೆಳೆಯಲೂ ಬೇಕು. ಮೊದಲು ತಂಡದವರು ಎತ್ತರದ ಗೋಪುರಗಳನ್ನು ನೆಚ್ಚಿಕೊಂಡು ಆಡಿಸಿ ನೋಡಿದಾಗ ಜನ ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದಂತೆ ನಡೆದರು, ಯಾರೋ ಅಟ್ಟಿದ ಹಾಗಿದೆ ಎಂದು ಗೊಣಗಿದರು. ಅದಕ್ಕೇ ಸೆಳೆತದ ಬಲವನ್ನು ಹಂಚಿಬಿಟ್ಟರು: ಗೋಪುರ, ಕುದುರೆ ಲಾಯ, ಶತ್ರುಗಳ ಬಿಡಾರ, 120 ದೇಗುಲಗಳು, ಬಂಡೆ ಎತ್ತಿದರೆ, ಪುಟ್ಟ ಒಗಟು ಬಿಡಿಸಿದರೆ ಸಿಗುವ ಬೀಜಗಳೇ 900. ಕತ್ತಲಾದರೆ ಈ ಬಲಾಬಲ ಬದಲಾಗುತ್ತದೆ. ಹಗಲಿನಲ್ಲಿ ಬೆಟ್ಟದ ನೆರಳಲ್ಲಿ ಅಡಗಿದ್ದ ದೇಗುಲ ರಾತ್ರಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಒಂದೇ ಜಾಗ, ಎರಡು ಆಟ.

ಇಷ್ಟೆಲ್ಲ ಕಟ್ಟಿದ ಮೇಲೂ ಹುಡುಗರ ಕಣ್ಣು ಪರದೆಯ ಮೂಲೆಯ ಪುಟ್ಟ ಮ್ಯಾಪಿನ ಮೇಲೆಯೇ. ನನಗೆ ಮೈ ಉರಿಯುವುದು ಇಲ್ಲಿ. ಊಟ ಬಡಿಸಿದ ಬಾಳೆಲೆ ಬಿಟ್ಟು ಮೆನು ಕಾರ್ಡ್ ಓದಿದ ಹಾಗೆ! ಆ ಮ್ಯಾಪನ್ನು ಅಡಗಿಸಿಡುವ 'ಪ್ರೊ' ಎಂಬ ಆಯ್ಕೆ ಆಟದ ಸೆಟ್ಟಿಂಗಿನಲ್ಲೇ ಇದೆ. ಹೋದ ವಾರ ಅಕ್ಕನ ಮಗನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು ಅದನ್ನು ಹಾಕಿಕೊಟ್ಟೆ. "ಹಿಂಗಾದ್ರೆ ದಾರಿ ಹೆಂಗ್ ಗೊತ್ತಾಗುತ್ತೆ ಮಾವ?" ಅಂತ ಮುಖ ಊದಿಸಿಕೊಂಡು, ಹೊಗೆಯಾಡುತ್ತಿದ್ದ ಡೆತ್ ಮೌಂಟನ್ ಕಡೆ ಹೊರಟ. ಗಂಟೆ ಬಿಟ್ಟು ಇಣುಕಿದರೆ ಬೆಟ್ಟ ಇನ್ನೂ ಇದ್ದಲ್ಲೇ ಹೊಗೆಯಾಡುತ್ತಿತ್ತು. ಇವನು ಯಾವುದೋ ಕೊಳದ ದಂಡೆಯಲ್ಲಿ ಕಲ್ಲು ಎತ್ತೆತ್ತಿ ನೋಡುತ್ತಿದ್ದ.