ಕಾಪಿರೈಟ್ ಗಡಿ ದಾಟುವುದು ಹೇಗೆ: ಅಂತರರಾಷ್ಟ್ರೀಯ ಒಪ್ಪಂದಗಳ ಮೇಲೆ ಒಂದು ಟಿಪ್ಪಣಿ

ಈ ಪಾಠ ಶುರು ಮಾಡುವ ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕೋಣ. ‘ಅಂತರರಾಷ್ಟ್ರೀಯ ಕಾಪಿರೈಟ್’ ಅನ್ನುವ ಹಕ್ಕು ಎಲ್ಲೂ ಇಲ್ಲ. ಒಂದು ಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ಜಗತ್ತಿಗೆಲ್ಲ ನಡೆಯುವ ಹಕ್ಕನ್ನು ಪಡೆದು ಬರಲು ಆಗುವುದಿಲ್ಲ. ಕಾಪಿರೈಟ್ ಕೊಡುವುದು ಆಯಾ ದೇಶದ ಕಾನೂನು. ಆ ಕಾನೂನು ಆ ದೇಶದ ಗಡಿಗೆ ಬಂದು ನಿಲ್ಲುತ್ತದೆ.

ಆದರೆ ಪುಸ್ತಕ, ಹಾಡು, ಸಿನಿಮಾ ಗಡಿಯಲ್ಲಿ ನಿಲ್ಲುವುದಿಲ್ಲ, ಅಲ್ವಾ? ಇಡೀ ವಿಷಯ ಹುಟ್ಟಿದ್ದೇ ಇಲ್ಲಿಂದ. ಒಬ್ಬ ಲೇಖಕಿಯ ಕಾದಂಬರಿಗೆ ಹತ್ತಾರು ದೇಶಗಳಲ್ಲಿ ರಕ್ಷಣೆ ಇದೆ ಅಂದರೆ, ಅವರ ಕೈಯಲ್ಲಿ ಒಂದು ದೊಡ್ಡ ಹಕ್ಕು ಇದೆ ಅಂತಲ್ಲ. ಆಯಾ ದೇಶ ಕೊಟ್ಟ ಬಿಡಿಬಿಡಿ ಹಕ್ಕುಗಳ ಒಂದು ಕಂತೆ ಇದೆ ಅಂತ. ‘ಹೊರಗಿನವರ ಕೃತಿಯನ್ನೂ ನಾವು ಕಾಯುತ್ತೇವೆ’ ಎಂದು ದೇಶಗಳು ಪರಸ್ಪರ ಕೊಟ್ಟುಕೊಂಡ ಮಾತೇ ಆ ಕಂತೆಯನ್ನು ಕಟ್ಟಿದ ದಾರ. ನಾವು ಓದುವ ಒಪ್ಪಂದಗಳೆಲ್ಲ ಆ ಮಾತಿನ ಬೇರೆ ಬೇರೆ ರೂಪಗಳು. ಪ್ರತಿಯೊಂದನ್ನೂ ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಹಕ್ಕುದಾರರಿಗೆ ಏನು ಕೊಟ್ಟಿತು, ಓದುಗರಿಗೆ ಏನು ಕೊಟ್ಟಿತು? ಈ ಚರಿತ್ರೆ ನನಗೆ ಅರ್ಥವಾದದ್ದು ಈ ಪ್ರಶ್ನೆಯಿಂದಲೇ.

ಬರ್ನ್ ಒಪ್ಪಂದ

19ನೇ ಶತಮಾನದಲ್ಲಿ ಹೊರದೇಶದ ಲೇಖಕರ ಪುಸ್ತಕವನ್ನು ಕೇಳದೇ ಅಚ್ಚು ಹಾಕುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಲೇಖಕರಿಗೆ ಒಂದು ಕಾಸೂ ಸಿಗುತ್ತಿರಲಿಲ್ಲ. ಎರಡೆರಡು ದೇಶಗಳು ಸೇರಿ ಮಾಡಿಕೊಂಡ ಒಪ್ಪಂದಗಳಿದ್ದವು. ಒಂದೊಂದರಲ್ಲಿ ಒಂದೊಂದು ಷರತ್ತು, ಎಲ್ಲ ಗೋಜಲು. 1878ರಲ್ಲಿ ಪ್ಯಾರಿಸ್‌ನಲ್ಲಿ ವಿಕ್ಟರ್ ಹ್ಯೂಗೋ ಮುಂದಾಳತ್ವದಲ್ಲಿ ಲೇಖಕರ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಎಲ್ಲರಿಗೂ ಒಂದೇ ಒಪ್ಪಂದ ಬೇಕು ಅನ್ನುವ ಒತ್ತಾಯ ಬಂದದ್ದು ಆ ಸಂಘದಿಂದ. 1886ರ ಸೆಪ್ಟೆಂಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 10 ದೇಶಗಳು ಸಹಿ ಹಾಕಿದವು. ಫ್ರಾನ್ಸ್, ಜರ್ಮನಿ, ಬ್ರಿಟನ್ ಜೊತೆಗೆ ಹೈಟಿ, ಲೈಬೀರಿಯಾ, ಟ್ಯುನೀಷಿಯಾ ಕೂಡ ಆ ಪಟ್ಟಿಯಲ್ಲಿದ್ದವು. ಇದು ಬರೀ ಯುರೋಪಿನವರ ಕೂಟ ಅಂತ ಬರೆಯಬೇಡಿ.

ಬರ್ನ್ ನಿಂತಿರುವುದು ಮೂರು ತತ್ವಗಳ ಮೇಲೆ. ಮೊದಲನೆಯದು ರಾಷ್ಟ್ರೀಯ ಸಮಾನತೆ. ಕೀನ್ಯಾದ ಕವಿಯೊಬ್ಬರ ಕವಿತೆಯನ್ನು ನಾರ್ವೆಯಲ್ಲಿ ಯಾರೋ ಅನುಮತಿ ಇಲ್ಲದೆ ಅಚ್ಚು ಮಾಡಿದರು ಅಂದುಕೊಳ್ಳಿ. ಅಲ್ಲಿ ನಡೆಯುವುದು ಕೀನ್ಯಾದ ಕಾನೂನಲ್ಲ, ನಾರ್ವೆಯ ಕಾನೂನು. ನಾರ್ವೆ ತನ್ನ ಕವಿಗಳನ್ನು ಹೇಗೆ ಕಾಯುತ್ತದೋ ಆ ಕೀನ್ಯಾದ ಕವಿಯನ್ನೂ ಹಾಗೇ ಕಾಯಬೇಕು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಕವಿ ತನ್ನ ದೇಶದ ಕಾನೂನನ್ನು ಹೊತ್ತುಕೊಂಡು ಹೋಗುವುದಿಲ್ಲ, ಹೋದ ದೇಶದ ಕಾನೂನಿನಲ್ಲಿ ಸಮಪಾಲು ಪಡೆಯುತ್ತಾರೆ.

ಎರಡನೆಯದು ತಾನಾಗಿಯೇ ಸಿಗುವ ರಕ್ಷಣೆ. ನೋಂದಣಿ, ಶುಲ್ಕ, ಮುದ್ರೆ, ಯಾವುದೂ ಬೇಡ. ಇದು ಸ್ಪಷ್ಟವಾಗಿ ಬಂದದ್ದು 1908ರ ಬರ್ಲಿನ್ ಪರಿಷ್ಕರಣೆಯಲ್ಲಿ. ಅಮೆರಿಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಬರ್ನ್‌ನಿಂದ ಹೊರಗೆ ಉಳಿಯಲು ಒಂದು ಮುಖ್ಯ ಕಾರಣವೂ ಇದೇ. ಅವರ ಕಾನೂನಿಗೆ ಸೂಚನೆ, ನೋಂದಣಿಯ ವಿಧಿಗಳು ಬೇಕಿದ್ದವು. ಅಂಥ ದೇಶಗಳನ್ನೂ ಒಂದು ಚೌಕಟ್ಟಿಗೆ ತರಲು 1952ರಲ್ಲಿ ಯುನೆಸ್ಕೋ ಆಶ್ರಯದಲ್ಲಿ ಸಾರ್ವತ್ರಿಕ ಕಾಪಿರೈಟ್ ಒಪ್ಪಂದ ಆಯಿತು. ವೃತ್ತದೊಳಗೆ C ಇರುವ ಆ ಗುರುತು (©), ಹೆಸರು, ವರ್ಷ ಹಾಕಿದರೆ ವಿಧಿಗಳೆಲ್ಲ ಮುಗಿದ ಹಾಗೆ ಎಂದು ಅದು ಹೇಳಿತು. ಅಮೆರಿಕ ಕೊನೆಗೆ 1989ರ ಮಾರ್ಚ್ 1ರಂದು ಬರ್ನ್ ಸೇರಿತು. ಆಮೇಲೆ 1952ರ ಒಪ್ಪಂದದ ಮಹತ್ವ ಕುಗ್ಗಿತು. ಆ ಗುರುತು ಮಾತ್ರ ರೂಢಿಯಲ್ಲಿ ಉಳಿದಿದೆ.

ಮೂರನೆಯದು ಸ್ವತಂತ್ರ ರಕ್ಷಣೆ. ಕೃತಿ ಹುಟ್ಟಿದ ದೇಶದಲ್ಲಿ ರಕ್ಷಣೆ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಬೇರೆ ದೇಶದ ರಕ್ಷಣೆ ನಿಂತಿಲ್ಲ. ಆದರೆ ಅವಧಿಯ ವಿಷಯಕ್ಕೆ ಒಂದು ಅಪವಾದ ಇದೆ. ಬರ್ನ್ ಪ್ರಕಾರ ರಕ್ಷಣೆಯ ಕನಿಷ್ಠ ಅವಧಿ ಲೇಖಕರ ಜೀವಿತ ಕಾಲ ಮತ್ತು ಅವರು ತೀರಿಕೊಂಡ ಮೇಲೆ 50 ವರ್ಷ. ಕೃತಿ ಹುಟ್ಟಿದ ದೇಶದಲ್ಲಿ 50 ವರ್ಷ, ಇನ್ನೊಂದು ದೇಶದಲ್ಲಿ 70 ವರ್ಷ ಇದ್ದರೆ? ಆ ಎರಡನೇ ದೇಶ 50ಕ್ಕೇ ನಿಲ್ಲಿಸಬಹುದು. ತನ್ನ ಕಾನೂನಿನಲ್ಲಿ ಬೇರೆ ಥರ ಬರೆದುಕೊಂಡಿದ್ದರೆ ಪೂರ್ತಿ 70 ಕೊಡಬಹುದು. ಇದಕ್ಕೆ ಚಿಕ್ಕ ಅವಧಿಯ ನಿಯಮ ಅನ್ನುತ್ತಾರೆ.

1928ರ ರೋಮ್ ಪರಿಷ್ಕರಣೆ ನೈತಿಕ ಹಕ್ಕನ್ನು ಸೇರಿಸಿತು. ಕೃತಿಯನ್ನು ಮಾರಿದ ಮೇಲೂ ಲೇಖಕರ ಹೆಸರು ಅಳಿಸುವ ಹಾಗಿಲ್ಲ, ಅವರ ಗೌರವಕ್ಕೆ ಧಕ್ಕೆ ಬರುವ ಹಾಗೆ ಕೃತಿಯನ್ನು ತಿರುಚುವ ಹಾಗಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಕೃತಿ ಬರೀ ಸರಕಲ್ಲ ಎಂದು ಒಂದು ಒಪ್ಪಂದವೇ ಒಪ್ಪಿಕೊಂಡಿತಲ್ಲ!

ಈಗ ನಮ್ಮ ಪ್ರಶ್ನೆಗೆ ಬರೋಣ. ಓದುಗರಿಗೆ ಏನು ಸಿಕ್ಕಿತು? ಬರ್ನ್‌ನಲ್ಲಿ ಹಕ್ಕುದಾರರ ಪಾಲಿನ ಹೆಚ್ಚಿನ ನಿಯಮಗಳಲ್ಲಿ ‘ಕೊಡಲೇಬೇಕು’ ಅಂತ ಇದೆ. ಬಳಕೆದಾರರ ಪಾಲಿನ ವಿನಾಯಿತಿಗಳಲ್ಲಿ, ಅಂದರೆ ಹಕ್ಕುದಾರರ ಅನುಮತಿ ಇಲ್ಲದೆ ಕೃತಿಯನ್ನು ಬಳಸುವ ಅವಕಾಶಗಳಲ್ಲಿ, ಮಾತ್ರ ‘ಬೇಕಿದ್ದರೆ ಕೊಡಬಹುದು’ ಅಂತ ಇದೆ. ಕೊಡಲೇಬೇಕಾದ ದೊಡ್ಡ ವಿನಾಯಿತಿ ಅಂದರೆ ಉದ್ಧರಣೆ (ಬೇರೆಯವರ ಕೃತಿಯ ಸಾಲುಗಳನ್ನು ಎತ್ತಿ ಹೇಳುವುದು) ಒಂದೇ. ‘ಬಹುದು’ ಮತ್ತು ‘ಬೇಕು’ ನಡುವಿನ ಈ ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಸ್ಟಾಕ್‌ಹೋಮ್‌ನ ಜಗಳ

1960ರ ದಶಕದ ಹೊತ್ತಿಗೆ ಏಷ್ಯಾ, ಆಫ್ರಿಕಾದ ಎಷ್ಟೋ ದೇಶಗಳು ಸ್ವತಂತ್ರವಾಗಿದ್ದವು. ಹಲವು ದೇಶಗಳಿಗೆ ಬರ್ನ್ ಬಂದದ್ದು ಅವರನ್ನು ಆಳುತ್ತಿದ್ದವರ ಮೂಲಕ. ಅವರನ್ನು ಯಾರೂ ಕೇಳಿರಲಿಲ್ಲ. ಈಗ ಶಾಲೆ, ಕಾಲೇಜು ಕಟ್ಟಬೇಕು, ಪಠ್ಯಪುಸ್ತಕ ಬೇಕು. ಪುಸ್ತಕಗಳೆಲ್ಲ ಹೊರಗಿನವು, ದುಬಾರಿ. ಬರ್ನ್ ಒಪ್ಪಂದವನ್ನು ಪರಿಷ್ಕರಿಸಲು 1967ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಈ ದೇಶಗಳು ತಮಗೆ ಸಡಿಲ ನಿಯಮ ಬೇಕು ಅಂದವು. ಭಾರತ ಆ ಗುಂಪಿನ ಮುಂಚೂಣಿಯಲ್ಲಿತ್ತು. ಅದಕ್ಕಾಗಿ ಒಂದು ವಿಶೇಷ ಅನುಬಂಧವೂ ತಯಾರಾಯಿತು. ಆದರೆ ಪುಸ್ತಕ ರಫ್ತು ಮಾಡುವ ದೇಶಗಳು, ಅಲ್ಲಿನ ಪ್ರಕಾಶಕರು ಗಟ್ಟಿಯಾಗಿ ವಿರೋಧಿಸಿದರು. ಅದು ನೆಲೆ ನಿಲ್ಲಲಿಲ್ಲ.

1971ರಲ್ಲಿ ಪ್ಯಾರಿಸ್‌ನಲ್ಲಿ ರಾಜಿ ಆಯಿತು. ಅಭಿವೃದ್ಧಿಶೀಲ ದೇಶಗಳು ಅನುವಾದಕ್ಕೆ ಮತ್ತು ಮರುಮುದ್ರಣಕ್ಕೆ ಕಡ್ಡಾಯ ಪರವಾನಗಿ, ಅಂದರೆ ಹಕ್ಕುದಾರರು ಒಪ್ಪದಿದ್ದರೂ ಸರ್ಕಾರವೇ ಕೊಡುವ ಅನುಮತಿ, ಕೊಡಬಹುದು, ಆದರೆ ಕಾಯಬೇಕು. ಅನುವಾದಕ್ಕೆ ಸಾಮಾನ್ಯವಾಗಿ 3 ವರ್ಷ. ಮುಂದುವರಿದ ದೇಶಗಳಲ್ಲಿ ಬಳಕೆಯಲ್ಲಿಲ್ಲದ ಭಾಷೆಗೆ 1 ವರ್ಷ. ಮರುಮುದ್ರಣಕ್ಕೆ 5 ವರ್ಷ, ವಿಜ್ಞಾನ, ಗಣಿತ, ತಂತ್ರಜ್ಞಾನಕ್ಕೆ 3, ಕಥೆ, ಕವಿತೆ, ನಾಟಕಕ್ಕೆ 7. ಅದಾದ ಮೇಲೂ ಹಕ್ಕುದಾರರನ್ನು ಹುಡುಕಿ ಕೇಳಬೇಕು, ಮತ್ತೆ ಕೆಲವು ತಿಂಗಳು ಕಾಯಬೇಕು, ನ್ಯಾಯವಾದ ಸಂಭಾವನೆ ಕೊಡಬೇಕು. ಸಂಭಾವನೆ ಕೊಡುವುದು ಸರಿಯೇ. ಆದರೆ ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಒಂದು ವೈದ್ಯಕೀಯ ಪುಸ್ತಕ ಹಳತಾಗಿರುತ್ತದೆ. ಈ ದಾರಿಯನ್ನು ಬಳಸಿದವರು ತೀರಾ ಕಡಿಮೆ. ಕಾಗದದ ಮೇಲೆ ವಿನಾಯಿತಿ ಇದ್ದರೆ ಸಾಲದು, ಅದು ಕೈಗೆ ಎಟುಕಬೇಕು ಅನ್ನುವುದಕ್ಕೆ ನಾನು ಕೊಡುವ ಉದಾಹರಣೆ ಇದೇ.

ಅದೇ 1967ರಲ್ಲಿ ಇನ್ನೆರಡು ಕೆಲಸ ಆದವು. ಪ್ರತಿ ಮಾಡುವ ಹಕ್ಕಿಗೆ ವಿನಾಯಿತಿ ಕೊಡುವಾಗ ಪಾಲಿಸಬೇಕಾದ ಮೂರು ಹಂತದ ಪರೀಕ್ಷೆ ಬಂತು: ವಿಶೇಷ ಸಂದರ್ಭ ಆಗಿರಬೇಕು, ಕೃತಿಯ ಸಹಜ ಮಾರಾಟ, ಬಳಕೆಗೆ ಅಡ್ಡ ಬರಬಾರದು, ಲೇಖಕರ ನ್ಯಾಯವಾದ ಹಿತಕ್ಕೆ ಅತಿಯಾದ ಹಾನಿ ಆಗಬಾರದು. ಜೊತೆಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೋ, ಸ್ಥಾಪನೆಯ ಒಪ್ಪಂದವೂ ಆಯಿತು. ಜಿನೀವಾದಲ್ಲಿರುವ ವೈಪೋ 1974ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಯಾಯಿತು.

ಸಂಬಂಧಿತ ಹಕ್ಕುಗಳು

ಒಂದು ಹಾಡನ್ನು ತೆಗೆದುಕೊಳ್ಳಿ. ಸಾಹಿತ್ಯ ಬರೆದವರು, ರಾಗ ಹಾಕಿದವರು ಲೇಖಕರು. ಅವರಿಗೆ ಬರ್ನ್ ಇದೆ. ಆದರೆ ಹಾಡಿದವರು? ಧ್ವನಿಮುದ್ರಣಕ್ಕೆ ಹಣ ಹಾಕಿದ ಕಂಪನಿ? ಪ್ರಸಾರ ಮಾಡಿದ ರೇಡಿಯೋ? ಇವರು ಹೊಸ ಕೃತಿ ಬರೆಯಲಿಲ್ಲ. ಆದರೆ ಇವರಿಲ್ಲದೆ ಹಾಡು ನಮ್ಮ ಕಿವಿಗೆ ತಲುಪುತ್ತಿರಲಿಲ್ಲ. ಇವರ ಹಕ್ಕುಗಳನ್ನೇ ಸಂಬಂಧಿತ ಹಕ್ಕುಗಳು ಅಥವಾ ನೆರೆಹಕ್ಕುಗಳು ಅನ್ನುತ್ತಾರೆ.

ಗ್ರಾಮಫೋನ್, ರೇಡಿಯೋ ಬರುವ ಮೊದಲು ಗಾಯಕರ ದನಿ ಕೇಳಬೇಕು ಅಂದರೆ ಗಾಯಕರು ಎದುರಿಗೆ ಇರಬೇಕಿತ್ತು. ಧ್ವನಿಮುದ್ರಣ ಬಂದ ಮೇಲೆ ಅದೇ ದನಿ ಅವರಿಲ್ಲದೆಯೂ ದುಡಿಯತೊಡಗಿತು. ಅವರ ಕೆಲಸಕ್ಕೇ ಕುತ್ತು ಬಂತು. ಹೀಗಾಗಿ ಇದು ಕಾರ್ಮಿಕರ ಪ್ರಶ್ನೆಯೂ ಆಯಿತು. 1961ರ ರೋಮ್ ಒಪ್ಪಂದವನ್ನು ನೋಡಿಕೊಳ್ಳುವವರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಇರುವುದು ಸುಮ್ನೆ ಅಲ್ಲ. ಕಲಾವಿದರು, ಧ್ವನಿಮುದ್ರಣ ನಿರ್ಮಾಪಕರು, ಪ್ರಸಾರ ಸಂಸ್ಥೆಗಳು, ಈ ಮೂವರಿಗೆ ಅದು ಕನಿಷ್ಠ 20 ವರ್ಷದ ರಕ್ಷಣೆ ಕೊಟ್ಟಿತು.

ರೋಮ್ ಒಪ್ಪಂದ ಬರ್ನ್‌ನಷ್ಟು ಹರಡಲಿಲ್ಲ. ಧ್ವನಿಮುದ್ರಿತ ಹಾಡನ್ನು ಪ್ರಸಾರ ಮಾಡಿದರೆ ಸಂಭಾವನೆ ಕೊಡಬೇಕು ಎಂದು ಅದರಲ್ಲಿದೆ, ಆದರೆ ಆ ನಿಯಮ ನಮಗೆ ಬೇಡ ಎಂದು ದೇಶಗಳು ಹೇಳಲು ಅವಕಾಶವೂ ಇದೆ. ಅಮೆರಿಕ ಈ ಒಪ್ಪಂದ ಸೇರಲೇ ಇಲ್ಲ. ಅಲ್ಲಿ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಸಂಯೋಜಕರಿಗೆ ಹಣ ಹೋಗುತ್ತದೆ, ಹಾಡಿದವರಿಗೆ ಹೋಗುವುದಿಲ್ಲ.

ರೋಮ್‌ನಲ್ಲಿ ಇನ್ನೊಂದು ದೊಡ್ಡ ಕೊರತೆ ಇತ್ತು. ನಟರೊಬ್ಬರು ಸಿನಿಮಾದಲ್ಲಿ ನಟಿಸಲು ಒಮ್ಮೆ ಒಪ್ಪಿದರೆ, ಆ ಅಭಿನಯದ ಮೇಲೆ ಒಪ್ಪಂದ ಕೊಟ್ಟ ಹಕ್ಕು ಅಲ್ಲಿಗೆ ಮುಗಿಯಿತು. ಗಾಯಕರಿಗೆ ಸಿಕ್ಕದ್ದು ನಟರಿಗೆ ಸಿಗಲಿಲ್ಲ. ಇದನ್ನು ಸರಿಮಾಡಲು 2000ದಲ್ಲಿ ಸಮ್ಮೇಳನ ನಡೆಯಿತು. 20 ವಿಧಿಗಳಲ್ಲಿ 19ಕ್ಕೆ ಒಮ್ಮತ ಬಂತು. ನಟರ ಹಕ್ಕು ನಿರ್ಮಾಪಕರಿಗೆ ಹೇಗೆ ವರ್ಗವಾಗಬೇಕು ಅನ್ನುವ ಒಂದು ವಿಧಿಯ ಮೇಲೆ ಅಮೆರಿಕ, ಯುರೋಪ್ ಒಪ್ಪಲಿಲ್ಲ. ಇಡೀ ಒಪ್ಪಂದ ನಿಂತಿತು. 2012ರಲ್ಲಿ ಬೀಜಿಂಗ್‌ನಲ್ಲಿ ಆ ವಿಧಿಯನ್ನು ಆಯಾ ದೇಶದ ಕಾನೂನಿಗೇ ಬಿಟ್ಟು ಮುಗಿಸಿದರು. ಬೀಜಿಂಗ್ ಒಪ್ಪಂದ ಜಾರಿಗೆ ಬಂದದ್ದು 2020ರ ಏಪ್ರಿಲ್ 28ರಂದು. ನಟರು ರೋಮ್‌ನಿಂದ ಅಲ್ಲಿಯವರೆಗೆ ಸುಮಾರು 60 ವರ್ಷ ಕಾದರು.

ಟ್ರಿಪ್ಸ್ ಮತ್ತು ಇಂಟರ್ನೆಟ್

ಬರ್ನ್‌ಗೆ ಮಾತು ತಪ್ಪಿದ ದೇಶವನ್ನು ಹಿಡಿದು ಕೇಳುವ ಶಕ್ತಿ ಇರಲಿಲ್ಲ. 1994ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೆ ಬಂದ ಟ್ರಿಪ್ಸ್, ಅಂದರೆ ವ್ಯಾಪಾರಕ್ಕೆ ಸಂಬಂಧಿಸಿದ ಬೌದ್ಧಿಕ ಆಸ್ತಿ ಹಕ್ಕುಗಳ ಒಪ್ಪಂದ, ಅದನ್ನು ಕೊಟ್ಟಿತು. ಬರ್ನ್‌ನ ಮುಖ್ಯ ನಿಯಮಗಳನ್ನೇ ಎತ್ತಿಕೊಂಡು, ಪಾಲಿಸದಿದ್ದರೆ ವ್ಯಾಪಾರ ನಿರ್ಬಂಧದ ಭಯ ಸೇರಿಸಿತು. ಕಂಪ್ಯೂಟರ್ ಪ್ರೋಗ್ರಾಮ್‌ಗಳನ್ನು ಸಾಹಿತ್ಯ ಕೃತಿಗಳಂತೆ ಕಾಯಬೇಕು ಅಂದಿತು. ನೈತಿಕ ಹಕ್ಕನ್ನು ಮಾತ್ರ ಬೇಕೆಂದೇ ಹೊರಗಿಟ್ಟಿತು. ವ್ಯಾಪಾರದ ಮೇಜಿಗೆ ಬಂದಾಗ ಲೇಖಕರ ಗೌರವದ ಮಾತು ಬಿಟ್ಟುಹೋಯಿತು, ಇದು ನನಗೆ ಇವತ್ತಿಗೂ ಬೇಸರದ ಸಂಗತಿ.

ಹಾಗಂತ ಟ್ರಿಪ್ಸ್ ಎಲ್ಲರನ್ನೂ ಒಂದೇ ಥರ ಬಗ್ಗಿಸಿತಾ? ಅಂಗಡಿ, ಹೋಟೆಲುಗಳು ಹಣ ಕಟ್ಟದೆ ರೇಡಿಯೋ, ಟಿವಿ ಸಂಗೀತ ಹಾಕಲು ಅಮೆರಿಕದ ಕಾನೂನು ವಿನಾಯಿತಿ ಕೊಟ್ಟಿತ್ತು. ಯುರೋಪ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ದೊಡ್ಡ ಅಂಗಡಿಗಳಿಗೂ ಅನ್ವಯಿಸುವ ಆ ವಿನಾಯಿತಿ ಮೂರು ಹಂತದ ಪರೀಕ್ಷೆಯಲ್ಲಿ ಸೋಲುತ್ತದೆ ಎಂದು 2000ದಲ್ಲಿ ತೀರ್ಪು ಬಂತು. ಅಮೆರಿಕ ಮೂರು ವರ್ಷದ ಲೆಕ್ಕಕ್ಕೆ ಪರಿಹಾರದ ಹಣ ಕೊಟ್ಟಿತು, ಕಾನೂನು ಬದಲಿಸಲಿಲ್ಲ.

1996ರ ಡಿಸೆಂಬರ್ 20ರಂದು ವೈಪೋ ಎರಡು ‘ಇಂಟರ್ನೆಟ್ ಒಪ್ಪಂದ’ಗಳನ್ನು ತಂದಿತು. ಒಂದು ಲೇಖಕರಿಗೆ, ಇನ್ನೊಂದು ಕಲಾವಿದರು ಮತ್ತು ಧ್ವನಿಮುದ್ರಣ ನಿರ್ಮಾಪಕರಿಗೆ. ಜನ ತಮಗೆ ಬೇಕಾದಾಗ, ಬೇಕಾದ ಜಾಗದಿಂದ ಕೃತಿಯನ್ನು ಪಡೆಯುವ ಹಾಗೆ ಲಭ್ಯವಾಗಿಸುವುದು ಕೂಡ ಹಕ್ಕುದಾರರ ಕೈಯಲ್ಲಿರುತ್ತದೆ ಎಂದವು. ಡಿಜಿಟಲ್ ಬೀಗ, ಅಂದರೆ ಪ್ರತಿ ಮಾಡದಂತೆ ಹಾಕಿದ ತಾಂತ್ರಿಕ ತಡೆ, ಒಡೆಯುವುದನ್ನು ತಡೆಯಬೇಕು ಎಂದೂ ಹೇಳಿದವು. ಇಷ್ಟು ನೆನಪಿದ್ದರೆ ಸಾಕು.

ಮರಾಕೇಶ್

ಇಲ್ಲಿಯವರೆಗೆ ಹಕ್ಕುದಾರರ ಕನಿಷ್ಠ ಮಟ್ಟ ಏರುತ್ತಲೇ ಬಂತು. ಓದುಗರ ಪಾಲಿಗೆ ‘ಬಹುದು’ ಅನ್ನುವುದೇ ಉಳಿದಿತ್ತು. ಇದರ ಪೆಟ್ಟು ಜೋರಾಗಿ ಬಿದ್ದದ್ದು ಕಣ್ಣು ಕಾಣದವರಿಗೆ. ಒಂದು ದೇಶ ತನ್ನ ಕಾನೂನಿನ ವಿನಾಯಿತಿಯಡಿ ಪುಸ್ತಕವನ್ನು ಬ್ರೈಲ್‌ಗೋ ಧ್ವನಿ ರೂಪಕ್ಕೋ ತರುತ್ತಿತ್ತು. ಪಕ್ಕದ ದೇಶದಲ್ಲಿ ಅದೇ ಭಾಷೆ ಓದುವ ಅಂಧ ವಿದ್ಯಾರ್ಥಿಗೆ ಆ ಪ್ರತಿ ಕಳಿಸಲು ಆಗುತ್ತಿರಲಿಲ್ಲ. ಯಾಕೆಂದರೆ ವಿನಾಯಿತಿಯೂ ಗಡಿಯಲ್ಲೇ ನಿಲ್ಲುತ್ತದೆ. ಸ್ಪ್ಯಾನಿಷ್ ಮಾತಾಡುವ ದೇಶಗಳು ಎಷ್ಟೊಂದಿವೆ ನೋಡಿ. ಒಂದೇ ಪುಸ್ತಕವನ್ನು ಪ್ರತಿಯೊಂದು ದೇಶವೂ ಮತ್ತೆ ಮೊದಲಿಂದ ತಯಾರಿಸಬೇಕಿತ್ತು. ಹಣವೂ ದಂಡ, ವರ್ಷಗಳೂ ದಂಡ.

2009ರಲ್ಲಿ ಬ್ರೆಜಿಲ್, ಈಕ್ವೆಡಾರ್, ಪರಾಗ್ವೆ ಸೇರಿ ವಿಶ್ವ ಅಂಧರ ಒಕ್ಕೂಟ ತಯಾರಿಸಿದ ಕರಡನ್ನು ವೈಪೋ ಮುಂದಿಟ್ಟವು. 2013ರ ಜೂನ್ 27ರಂದು ಮೊರಾಕ್ಕೋದ ಮರಾಕೇಶ್‌ನಲ್ಲಿ ಒಪ್ಪಂದ ಆಯಿತು. ಟ್ರಿಪ್ಸ್‌ಗೆ ಸಹಿ ಬಿದ್ದದ್ದೂ ಇದೇ ಊರಿನಲ್ಲಿ, 1994ರಲ್ಲಿ. ಮರಾಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶ ಭಾರತ. 20 ದೇಶಗಳು ಆದ ಮೇಲೆ 2016ರ ಸೆಪ್ಟೆಂಬರ್ 30ರಂದು ಅದು ಜಾರಿಗೆ ಬಂತು.

ಹೊಸತು ಏನು? ಸದಸ್ಯ ದೇಶಗಳು ಈ ವಿನಾಯಿತಿಯನ್ನು ಕೊಡಲೇಬೇಕು. ತಯಾರಾದ ಪ್ರತಿಯನ್ನು ಗಡಿ ದಾಟಿಸಲೂ ಬಿಡಬೇಕು. ಓದುಗರಿಗಾಗಿಯೇ ‘ಬಹುದು’ ಹೋಗಿ ‘ಬೇಕು’ ಬಂದ ಮೊದಲ ವೈಪೋ ಒಪ್ಪಂದ ಇದು.

ವೈಪೋದ ಕಾಪಿರೈಟ್ ಸ್ಥಾಯಿ ಸಮಿತಿಯಲ್ಲಿ ಈಗ ಗ್ರಂಥಾಲಯ, ಸಂಗ್ರಹಾಗಾರ, ಶಿಕ್ಷಣ ಸಂಸ್ಥೆಗಳು ಇದೇ ಬಾಗಿಲಿನ ಮುಂದೆ ನಿಂತಿವೆ. ಇವಕ್ಕೂ ಒಪ್ಪಂದ ಬೇಕು ಎಂದು ಕೆಲವು ದೇಶಗಳು ಕೇಳುತ್ತಿವೆ, ಆಯಾ ದೇಶದ ಕಾನೂನೇ ಸಾಕು ಎಂದು ಇನ್ನು ಕೆಲವು ವಾದಿಸುತ್ತಿವೆ. ಪ್ರಸಾರ ಸಂಸ್ಥೆಗಳ ಹೊಸ ಒಪ್ಪಂದದ ಚರ್ಚೆ 1998ರಿಂದ ಅದೇ ಸಮಿತಿಯಲ್ಲಿ ನಡೆದಿದೆ. ಅಲ್ಲಿ ತೀರ್ಮಾನ ಆಗುವುದು ಒಮ್ಮತದಿಂದ. ಆ ಸಭೆಗಳ ಕರಡುಗಳು ಸಿಕ್ಕಾಗ ಓದಿ. ಯಾವ ಸಾಲಿನಲ್ಲಿ ‘ಬಹುದು’ ಇದೆ, ಯಾವ ಸಾಲಿನಲ್ಲಿ ‘ಬೇಕು’ ಇದೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕುತ್ತಾ ಹೋಗಿ.