ಸಕ್ಕರೆಯ ಬಾಗಿಲಿಂದ ಒಳಹೊಕ್ಕ ವಿಟಮಿನ್ ಸಿ

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕಾಕಾನ ಹಾಸಿಗೆ ಪಕ್ಕ ಕೂತಿದ್ದಾಗ, ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಲಿಂಬಿಹಣ್ಣಿನ ನೀರು ಕೊಡಾಕತ್ತೀರೇನ್ರಿ? ಅದಕ್ಕ ಗಡ್ಡಿ ಕರಗ್ತದಂತ." ಎಲ್ಲರದೂ ಅಂತಃಕರಣದ ಮಾತೇ. ಲಿಂಬಿಯಲ್ಲಿರುವ ವಿಟಮಿನ್ ಸಿ ಬಗೆಗಿನ ಈ ನಂಬಿಕೆಯ ಹಿಂದೆ ದಶಕಗಳ ಸಂಶೋಧನೆಯೂ ಇದೆ. ನಮ್ಮ ತನಕ ಬಂದದ್ದು ಅದರ ಅರ್ಧ ಮಾತ್ರ.

ವಿಟಮಿನ್ ಸಿ ಕಿಲೋಗಟ್ಟಲೆ ಕೈಗೆ ಸಿಕ್ಕಿದ್ದು ಮೆಣಸಿನಕಾಯಿಯಿಂದ. 1930ರ ದಶಕದಲ್ಲಿ ಹಂಗೇರಿಯ ಸೆಗೆಡ್ ಊರಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅದನ್ನು ಅಲ್ಲಿನ ಪಾಪ್ರಿಕಾದಿಂದ ತೆಗೆದರು. ನಮ್ಮ ಬ್ಯಾಡಗಿ ಕಾಯಿಯ ಹಾಗೆ ಅದೂ ಕಡುಕೆಂಪು ಬಣ್ಣಕ್ಕೆ ಹೆಸರಾದ ತಳಿ. 1937ರಲ್ಲಿ ಅವರಿಗೆ ನೊಬೆಲ್ ಬಂತು.

ಕ್ಯಾನ್ಸರ್ ನಂಟು ಗಟ್ಟಿಯಾದದ್ದು 1976ರಲ್ಲಿ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಇವಾನ್ ಕ್ಯಾಮರಾನ್ ಮತ್ತು ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್, ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಪಡೆದ 100 ರೋಗಿಗಳು ಹೆಚ್ಚು ಕಾಲ ಬದುಕಿದರು ಎಂದು ಬರೆದರು. ಹೋಲಿಕೆಗೆ ಆರಿಸಿದ್ದು 1000 ಹಳೆಯ ರೋಗಿಗಳ ದಾಖಲೆ. ಆ ಆಯ್ಕೆಯೇ ಟೀಕೆಗೆ ಗುರಿಯಾಯಿತು. ಅಮೆರಿಕದ ಮೇಯೊ ಕ್ಲಿನಿಕ್ 1979 ಮತ್ತು 1985ರಲ್ಲಿ ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ. ಒಂದು ವ್ಯತ್ಯಾಸ ಮಾತ್ರ ಬಹಳ ದಿನ ಲಕ್ಷ್ಯಕ್ಕೆ ಬರಲಿಲ್ಲ: ಕ್ಯಾಮರಾನ್ ಮೊದಲು ರಕ್ತನಾಳಕ್ಕೆ ಕೊಟ್ಟಿದ್ದರು, ಮೇಯೊದವರು ಬಾಯಿಗೆ ಮಾತ್ರ. ಬಾಯಿಂದ ಎಷ್ಟು ತೆಗೆದುಕೊಂಡರೂ ರಕ್ತದಲ್ಲಿ ಅದು ಒಂದು ಮಟ್ಟ ಮೀರದು, ರಕ್ತನಾಳದ ಮೂಲಕವಾದರೆ ಹತ್ತಾರು ಪಟ್ಟು ಏರುತ್ತದೆ ಎಂದು ಅಮೆರಿಕದ ಸಂಶೋಧಕ ಮಾರ್ಕ್ ಲೆವೀನ್ ತಂಡ 2004ರಲ್ಲಿ ತೋರಿಸಿತು.

ಇನ್ನು ಕೋಶದೊಳಗೆ ಅದು ಹೋಗುವ ದಾರಿ. ವಿಟಮಿನ್ ಸಿ ಗ್ಲೂಕೋಸಿನ ದಾಯಾದಿ. ಹೆಚ್ಚಿನ ಪ್ರಾಣಿಗಳು ಗ್ಲೂಕೋಸಿನಿಂದಲೇ ಅದನ್ನು ಮಾಡಿಕೊಳ್ಳುತ್ತವೆ, ನಮಗೆ ಆ ಶಕ್ತಿ ಇಲ್ಲ. ಅದನ್ನು ಸೋಡಿಯಂ ಜೊತೆ ಒಳಗೆಳೆದುಕೊಳ್ಳಲು ಕೋಶಗಳಿಗೆ ಪ್ರತ್ಯೇಕ ಪ್ರೋಟೀನುಗಳಿವೆ. ಆದರೆ ಉತ್ಕರ್ಷಣಗೊಂಡು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು, ಡಿಹೈಡ್ರೋಆಸ್ಕಾರ್ಬಿಕ್ ಆಮ್ಲವಾದಾಗ ಅದು ಸಕ್ಕರೆಯ ಬಾಗಿಲಾದ ಗ್ಲೂಟ್-1 ಮೂಲಕ ನುಸುಳುತ್ತದೆ. ಇದನ್ನು 1993ರಲ್ಲಿ ವೇರಾ ಮತ್ತು ಗೋಲ್ಡಿ ತಂಡ ಕಂಡುಹಿಡಿಯಿತು. ಕ್ಯಾನ್ಸರ್ ಕೋಶ ಸಕ್ಕರೆಗಾಗಿ ಹಪಹಪಿಸುವುದನ್ನು ಜರ್ಮನ್ ವಿಜ್ಞಾನಿ ಆಟೊ ವಾರ್ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದರು. ಅನೇಕ ಗಡ್ಡೆಗಳಲ್ಲಿ ಆ ಬಾಗಿಲುಗಳೂ ಹೆಚ್ಚು. 1999ರಲ್ಲಿ ವೇರಾ ಮತ್ತು ಗೋಲ್ಡಿ ಅವರ ಅದೇ ತಂಡ ಇಲಿಗಳಲ್ಲಿ ಮತ್ತೊಂದು ಸಂಗತಿ ಕಂಡಿತು: ಗಡ್ಡೆಯ ಸುತ್ತಲಿನ ಕೋಶಗಳೇ ವಿಟಮಿನ್ ಸಿಯನ್ನು ಉತ್ಕರ್ಷಿಸಿ ಕೊಡುತ್ತವೆ, ಕ್ಯಾನ್ಸರ್ ಕೋಶ ಅದನ್ನು ಒಳಗೆಳೆದು ಮತ್ತೆ ಮೊದಲಿನ ರೂಪಕ್ಕೆ ತಿರುಗಿಸಿ ಕೂಡಿಟ್ಟುಕೊಳ್ಳುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಇದೇ. ಹಾಗೆ ಕೂಡಿಟ್ಟದ್ದು ಕ್ಯಾನ್ಸರಿಗೇ ಕವಚವಾಗಬಹುದಲ್ಲವೇ? ಕೆಲವು ಕಿಮೋ ಔಷಧಗಳ ಕಸುವನ್ನು ಅದು ತಗ್ಗಿಸಿದ್ದು 2008ರ ಪ್ರಯೋಗಾಲಯದ ಅಧ್ಯಯನದಲ್ಲಿ ಕಂಡುಬಂತು. 2015ರಲ್ಲಿ ಅಮೆರಿಕದ ವಿಜ್ಞಾನಿ ಲೂಯಿಸ್ ಕ್ಯಾಂಟ್ಲಿ ತಂಡಕ್ಕೆ ಕಂಡದ್ದು ಇದಕ್ಕೆ ತದ್ವಿರುದ್ಧ: ಭಾರಿ ಪ್ರಮಾಣದಲ್ಲಿ ಕೊಟ್ಟರೆ, ಒಳಹೊಕ್ಕದ್ದನ್ನು ತಿರುಗಿಸುವುದರಲ್ಲೇ ಕೋಶದ ರಕ್ಷಕ ಗ್ಲುಟಾಥಯೋನ್ ಖರ್ಚಾಗಿ, ಕೆಆರ್‌ಎಎಸ್ ಅಥವಾ ಬಿಆರ್‌ಎಎಫ್ ಜೀನ್ ಕೆಟ್ಟ ಕರುಳಿನ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಒಂದೇ ಬಾಗಿಲು, ಫಲ ಮಾತ್ರ ಪ್ರಮಾಣ, ದಾರಿ, ಗಡ್ಡೆಯ ಜಾತಿಯ ಮೇಲೆ ನಿಂತಿದೆ. ಆದರೂ 2022ರಲ್ಲಿ ಚೀನಾದಲ್ಲಿ ಕರುಳಿನ ಕ್ಯಾನ್ಸರಿನ 442 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. 2024ರಲ್ಲಿ ಅಮೆರಿಕದ ಅಯೋವಾದಿಂದ ಬಂದ, ಮೇದೋಜೀರಕ ಕ್ಯಾನ್ಸರಿನ ಬರೀ 34 ರೋಗಿಗಳ ಅಧ್ಯಯನ ಮಾತ್ರ ಆಸೆ ಹುಟ್ಟಿಸಿದೆ.

ಅಲ್ಲಿ ಕೊಟ್ಟದ್ದು ಒಂದು ಸಲಕ್ಕೆ 75 ಗ್ರಾಂ, ರಕ್ತನಾಳಕ್ಕೆ, ಕಿಮೋ ಜೊತೆಗೆ. ಒಂದು ಲಿಂಬಿಹಣ್ಣಿನ ರಸದಲ್ಲಿರುವುದು ಕೆಲವೇ ಹತ್ತಾರು ಮಿಲಿಗ್ರಾಂ. ಯಾರೋ ತಂದುಕೊಟ್ಟ ವಿಟಮಿನ್ ಗುಳಿಗೆ ಡಬ್ಬಿಯನ್ನು ಡಾಕ್ಟರಿಗೆ ತೋರಿಸಿದೆವು. ಸದ್ಯ ಬೇಡ ಅಂದರು. ನವಲೂರಿನ ಪೇರಲ ಹಣ್ಣು ತಿನ್ನಬಹುದೇ ಅಂತ ಕಾಕಾ ತಾನೇ ಕೇಳಿದ. ಅದಕ್ಕೆ ಹೂಂ ಅಂದರು.