ಐದನೇ ವಿಧಿಯನ್ನು ಪೂರ್ತಿ ಓದಿ

ಅಂತಾರಾಷ್ಟ್ರೀಯ ಒಪ್ಪಂದಗಳ ಪಾಠ ಮಾಡುವ ನನಗೆ, ಫಿನ್‌ಲ್ಯಾಂಡ್ ಮತ್ತು ಸ್ವೀಡನ್, ಅಮೆರಿಕ, ಕೆನಡಾ ಹಾಗೂ ಯುರೋಪಿನ ದೇಶಗಳ ಸೇನಾ ಮೈತ್ರಿಕೂಟವಾದ ನ್ಯಾಟೊವನ್ನು ಸೇರಿದಂದಿನಿಂದ ವಿದ್ಯಾರ್ಥಿಗಳ ಬಾಯಲ್ಲಿ ಕೇಳಿಬರುವ ಮಾತು ಒಂದೇ: “ಇನ್ನು ಅವರಿಗೇನು ಚಿಂತೆ ಸರ್, ರಷ್ಯಾ ಕೈ ಹಾಕಿದರೆ ಅಮೆರಿಕದ ಸೇನೆ ತಾನಾಗಿಯೇ ಬಂದಿಳಿಯುತ್ತದೆ.” ಹಾಗೆಂದು ನ್ಯಾಟೊ ಒಪ್ಪಂದದಲ್ಲಿ ಎಲ್ಲಿಯೂ ಬರೆದಿಲ್ಲ.

1949ರ ಒಪ್ಪಂದದ ಐದನೇ ವಿಧಿಯು ಯುರೋಪ್ ಅಥವಾ ಉತ್ತರ ಅಮೆರಿಕದಲ್ಲಿ ಒಂದು ಸದಸ್ಯ ದೇಶದ ಮೇಲೆ ನಡೆದ ಸಶಸ್ತ್ರ ದಾಳಿಯನ್ನು ಎಲ್ಲರ ಮೇಲಿನ ದಾಳಿಯೆಂದೇ ಪರಿಗಣಿಸುತ್ತದೆ. ನಮ್ಮವರು ಅಲ್ಲಿಗೇ ಓದು ನಿಲ್ಲಿಸಿಬಿಡುತ್ತಾರೆ. ವಿಧಿ ಅಲ್ಲಿಗೆ ಮುಗಿಯುವುದಿಲ್ಲ. ಪ್ರತಿಯೊಂದು ದೇಶವೂ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಂಡು ನೆರವಾಗಬೇಕು, ಸೇನಾಬಲದ ಬಳಕೆಯೂ ಆ ಕ್ರಮಗಳಲ್ಲಿ ಒಂದಾಗಿರಬಹುದು ಎಂದು ಅದು ಮುಂದುವರಿಯುತ್ತದೆ. ಅಂದರೆ ನೆರವಾಗುವುದು ಬಾಧ್ಯತೆ. ಯಾವ ಬಗೆಯ ನೆರವು, ಎಷ್ಟು ಎಂಬುದು ಆಯಾ ಸರ್ಕಾರಕ್ಕೆ ಬಿಟ್ಟದ್ದು. ಈ ವಿಧಿಯನ್ನು ಇದುವರೆಗೆ ಬಳಸಿದ್ದು ಒಮ್ಮೆ ಮಾತ್ರ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ. ಆಗ ನ್ಯಾಟೊ ಕೈಗೊಂಡ ಮೊದಲ ಕ್ರಮಗಳಲ್ಲೊಂದು ಅಮೆರಿಕದ ಆಕಾಶವನ್ನು ಕಾಯಲು ರಾಡಾರ್ ವಿಮಾನಗಳನ್ನು ಕಳುಹಿಸಿದ್ದು.

ಹಾಗಾದರೆ ಈ ಭರವಸೆ ಪೊಳ್ಳೇ ಎಂದು ಕೂಡಲೇ ಕೇಳುವವರಿದ್ದಾರೆ. ಅಲ್ಲವೆಂದೇ ನನ್ನ ಅಭಿಪ್ರಾಯ, ಆದರೆ ಅದರ ಬಲವಿರುವುದು ಬರೀ ಆ ವಾಕ್ಯದಲ್ಲಲ್ಲ; ಶಾಂತಿಕಾಲದಲ್ಲೇ ಸಿದ್ಧವಾಗುವ ಜಂಟಿ ರಕ್ಷಣಾ ಯೋಜನೆಗಳಲ್ಲಿ, ಒಟ್ಟಾಗಿ ನಡೆಯುವ ಸಮರಾಭ್ಯಾಸಗಳಲ್ಲಿ, ಒಂದೇ ಕಮಾಂಡಿನ ವ್ಯವಸ್ಥೆಯಲ್ಲಿ. 1994ರಿಂದಲೇ ನ್ಯಾಟೊದ ಪಾಲುದಾರರಾಗಿದ್ದ ಈ ಎರಡು ದೇಶಗಳಿಗೆ ಸದಸ್ಯತ್ವದಿಂದ ಹೊಸದಾಗಿ ದಕ್ಕಿದ್ದು ಮುಖ್ಯವಾಗಿ ಆ ಯೋಜನೆಗಳ ಒಳಗಿನ ಸ್ಥಾನ.

ರಷ್ಯಾದೊಂದಿಗೆ ಸುಮಾರು 1,340 ಕಿಲೋಮೀಟರ್ ಗಡಿ ಹಂಚಿಕೊಂಡಿರುವ ಫಿನ್‌ಲ್ಯಾಂಡ್‌ಗೆ, ಬರೀ ಆ ವಾಕ್ಯವನ್ನು ನೆಚ್ಚಿ ಕೂರಲಾಗದೆಂಬುದು ಚೆನ್ನಾಗಿ ಗೊತ್ತು. 2023ರ ಏಪ್ರಿಲ್ 4ರಂದು ಸದಸ್ಯನಾದ ಮೇಲೂ ಅದು ಗಂಡಸರ ಕಡ್ಡಾಯ ಸೇನಾ ತರಬೇತಿಯನ್ನು ಕೈಬಿಟ್ಟಿಲ್ಲ. ಹೆಲ್ಸಿಂಕಿಯ ಮೆರಿಹಾಕಾದಲ್ಲಿ ಬಂಡೆ ಕೊರೆದು ಮಾಡಿದ ನೆಲದಡಿಯ ಆಶ್ರಯತಾಣವಿದೆ; ಮಾಮೂಲಿ ದಿನಗಳಲ್ಲಿ ಅಲ್ಲಿ ಮಕ್ಕಳು ಆಡುತ್ತಾರೆ, ದೊಡ್ಡವರು ವ್ಯಾಯಾಮ ಮಾಡುತ್ತಾರೆ, ಯುದ್ಧ ಬಂದರೆ ಸಾವಿರಾರು ಜನ ಅಲ್ಲೇ ಆಶ್ರಯ ಪಡೆಯಬಹುದು. ಪ್ರತಿ ಸದಸ್ಯನೂ ತನ್ನ ರಕ್ಷಣಾ ಸಾಮರ್ಥ್ಯವನ್ನು ತಾನೂ ಬೆಳೆಸಿಕೊಳ್ಳಬೇಕೆನ್ನುವ ಮೂರನೇ ವಿಧಿಯ ಬಗ್ಗೆ ನನ್ನನ್ನು ಯಾರೂ ಕೇಳುವುದೇ ಇಲ್ಲ, ಅದೇ ನನಗೆ ಬೇಸರ.

ಸ್ವೀಡನ್ ಕಡ್ಡಾಯ ಸೇವೆಯನ್ನು 2010ರಲ್ಲಿ ನಿಲ್ಲಿಸಿ, 2017ರಲ್ಲಿ ಮತ್ತೆ ತಂದಿತು. ನ್ಯಾಟೊ ಸೇರಿದ್ದು 2024ರ ಮಾರ್ಚ್ 7ರಂದು. ಎರಡು ಶತಮಾನ ಯುದ್ಧದಿಂದ ದೂರವಿದ್ದ ಆ ದೇಶ, ಸದಸ್ಯನಾದ ವರ್ಷದೊಳಗೇ ತನ್ನ ನೂರಾರು ಸೈನಿಕರನ್ನು ರಷ್ಯಾದ ಗಡಿಗೆ ಹೊಂದಿಕೊಂಡಿರುವ ಸದಸ್ಯ ದೇಶ ಲಾಟ್ವಿಯಾದ ಕಾವಲಿಗೆ ಕಳುಹಿಸಿತು.